ಅಮ್ಮನ ಮಂಡಿಯ ವಕ್ರರೇಖೆ

ಸಂಜೆ ಐದಕ್ಕೆ ಟ್ಯೂಷನ್ ಮಕ್ಕಳು ಬರುವ ಮುಂಚೆ ನಾನು ಅಮ್ಮನ ಮಂಡಿ ಅಳೆಯುತ್ತಿದ್ದೆ. ಬೋರ್ಡಿನ ಮೇಲೆ ಕೋನ ಬರೆಯುವ ದೊಡ್ಡ ಮರದ ಪ್ರೊಟ್ರಾಕ್ಟರನ್ನೇ ಅದಕ್ಕೆ ಬಳಸುತ್ತಿದ್ದೆ. ಅಮ್ಮ ಅದಕ್ಕೆ ‘ನಿನ್ನ ಅರ್ಧಚಂದ್ರ’ ಎಂದು ಹೆಸರಿಟ್ಟಿದ್ದಳು. ಬಲ ಮಂಡಿಯ ಕೀಲು ಬದಲಾಯಿಸಿ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದರು: ದಿನಾ ಮಡಚಿಸಿ, ಆರು ವಾರದೊಳಗೆ ತೊಂಬತ್ತು ಡಿಗ್ರಿ ಬರಬೇಕು. ಕಾಲು ನೆಟ್ಟಗೆ ಚಾಚಿದರೆ ಸೊನ್ನೆ, ಕುರ್ಚಿಯಲ್ಲಿ ಎಲ್ಲರ ಹಾಗೆ ಪಾದ ಊರಿ ಕೂತರೆ ತೊಂಬತ್ತು.

‘ಬರ್ದೇ ಇದ್ರೆ?’ ಎಂದು ಕೇಳಿದೆ. ಇಂಥ ಪ್ರಶ್ನೆ ಕೇಳುವುದಕ್ಕೆಂದೇ ಹುಟ್ಟಿದವಳು ನಾನು.

‘ಬರ್ದೇ ಇದ್ರೆ ಅನಸ್ತೇಶಿಯಾ ಕೊಟ್ಟು ನಾವೇ ಬಗ್ಗಿಸ್ತೀವಿ ಮೇಡಂ. ಸಣ್ಣ ಪ್ರೊಸೀಜರ್.’

ಅಮ್ಮನ ಮುಖ ಬಿಳಿಚಿತು. ಆಪರೇಷನ್ನಿನ ಮಂಪರಿನಿಂದ ಎದ್ದ ಮೇಲೆ ಎರಡು ದಿನ ಅವಳು ಅವಳಾಗಿರಲಿಲ್ಲ. ನನ್ನನ್ನು ‘ಅಕ್ಕಾ’ ಎಂದು ಕರೆದಳು. ಹಾಲಿಗೆ ನೀರು ಬೆರೆಸಿದ್ದೀಯ ಎಂದು ನರ್ಸಿಗೆ ಬಯ್ದಳು. ವಾರ್ಡಿನ ಕಿಟಕಿಯನ್ನು ನಮ್ಮ ಅಡುಗೆಮನೆಯ ಬಾಗಿಲೆಂದು ತಿಳಿದು ಚಿಲಕ ಹುಡುಕಿದಳು. ತಲೆ ತಿಳಿಯಾದ ಮೇಲೆ ಪಕ್ಕದ ಹಾಸಿಗೆಯವರು ಅದನ್ನೆಲ್ಲ ನಗುತ್ತಾ ಹೇಳಿದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದಳು. ಮನೆಗೆ ಬರುವಾಗ ಆಟೋದಲ್ಲಿ ಅವಳು ಆಡಿದ್ದು ಒಂದೇ ಮಾತು: ‘ಇನ್ನೊಂದ್ಸಲ ಮಂಪರು ಬೇಡ ಕಣೇ. ಕಾಲು ಹೇಗಾದ್ರೂ ಇರ್ಲಿ, ತಲೆ ನಂದಾಗಿರ್ಲಿ.’

ಹಾಗಾಗಿ ತೊಂಬತ್ತು ಡಿಗ್ರಿ ನಮ್ಮ ಮನೆಯ ಗುರಿಯಾಯಿತು.

ನಾನು ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ವಿಜಯನಗರದಲ್ಲಿ, ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಬೆಳಿಗ್ಗೆ ಹೋದರೆ ಮನೆ ಸೇರುವುದು ಮಧ್ಯಾಹ್ನ ಮೂರರ ಮೇಲೆ. ಫಿಸಿಯೋಥೆರಪಿಯ ಹುಡುಗಿ ಸುಂಕದಕಟ್ಟೆಯಿಂದ ಸ್ಕೂಟರಿನಲ್ಲಿ ಬಂದು, ನಾನಿಲ್ಲದ ಹೊತ್ತಿನಲ್ಲಿ ಅಮ್ಮನ ಕಾಲನ್ನು ಮಡಚಿಸಿ, ಚಾಚಿಸಿ, ಹೋಗಿಬಿಡುತ್ತಿದ್ದಳು. ಫೋನ್ ಮಾಡಿದರೆ ಅವಳದು ಒಂದೇ ರಾಗ: ‘ಅಮ್ಮ ತುಂಬಾ ಚೆನ್ನಾಗ್ ಮಾಡ್ತಿದಾರೆ ಮ್ಯಾಮ್, ನೀವು ಟೆನ್ಷನ್ ಮಾಡ್ಕೋಬೇಡಿ.’ ಟೆನ್ಷನ್ ಮಾಡ್ಕೋಬೇಡಿ ಎನ್ನುವವರ ಮಾತನ್ನು ನಾನು ಹುಟ್ಟಿದಾಗಿನಿಂದ ನಂಬಿಲ್ಲ. ಅವರು ಏನೋ ಮುಚ್ಚಿಡುತ್ತಿದ್ದಾರೆ ಎಂದೇ ನನ್ನ ಲೆಕ್ಕ. ಆದ್ದರಿಂದ ಅರ್ಧಚಂದ್ರ ಹಿಡಿದು ನಾನೇ ಅಳೆಯಲು ನಿಂತೆ.

ಮೊದಲ ದಿನ ಅರವತ್ತು. ಎರಡು ದಿನದಲ್ಲಿ ಅರವತ್ತೆರಡು. ಮಾರನೆಯ ಸಂಜೆ ಐವತ್ತೇಳು.

ಐದು ಡಿಗ್ರಿ ಇಳಿದಿತ್ತು! ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದೆ, ಮೂರನೆಯ ಸಲ ಅವರ ಸಹಾಯಕಿ ನನ್ನ ದನಿ ಕೇಳಿದ್ದೇ ‘ಊತಕ್ಕೆ ಹಾಗಾಗತ್ತೆ ಮೇಡಂ, ಐಸ್ ಇಡಿ’ ಎಂದು ಇಟ್ಟುಬಿಟ್ಟಳು. ಐಸ್ ಇಟ್ಟೆ. ಅದು ಹೆಚ್ಚಾಯಿತೇನೋ ಎಂದು ತೆಗೆದೆ. ಕಮ್ಮಿಯಾಯಿತೇನೋ ಎಂದು ಮತ್ತೆ ಇಟ್ಟೆ. ಊಟಕ್ಕೆ ಕೂತವಳು ಸಾರನ್ನದಲ್ಲಿ ಬೆರಳಾಡಿಸಿ ಎದ್ದುಬಿಟ್ಟೆ. ನನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ, ‘ಮಂಡಿ ಅತ್ತೇದು, ಕುಂಟ್ತಿರೋದು ನೀನು’ ಎಂದ. ಅಮ್ಮ ಮಂಚದ ಮೇಲಿಂದ ನನ್ನ ಓಡಾಟವನ್ನು ನೋಡುತ್ತಾ ಕೂತಿದ್ದಳು.

ಮರುದಿನ ಅರವತ್ತೆರಡಕ್ಕೆ ಮರಳಿತು. ಐವತ್ತೇಳನ್ನು ಅಳತೆಯ ತಪ್ಪೆಂದು ನಾನು ದಿನದಿನದ ಅಳತೆ ಗುರುತಿಸುತ್ತಿದ್ದ ಗ್ರಾಫಿನಿಂದ ಅಳಿಸಿದೆ. ಅಲ್ಲಿಂದ ಮುಂದೆ ಮಂಡಿ ಒಂದು ದಿನವೂ ಹಿಂದೆ ಸರಿಯಲಿಲ್ಲ. ವಾರದ ಕೊನೆಗೆ ಅರವತ್ತನಾಲ್ಕು, ಎರಡನೇ ವಾರಕ್ಕೆ ಎಪ್ಪತ್ತೆರಡು, ಮೂರನೇ ವಾರಕ್ಕೆ ಎಂಬತ್ತು. ಬೀರುವಿನ ಬಾಗಿಲಿಗೆ ಅಂಟಿಸಿದ್ದ ಗ್ರಾಫ್ ಹಾಳೆಯಲ್ಲಿ ಚುಕ್ಕೆಗಳು ವಿಧೇಯ ಮಕ್ಕಳ ಹಾಗೆ ಮೇಲೇರಿದವು. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ನಿಟ್ಟುಸಿರು ಬಿಟ್ಟು ಸೀರಿಯಲ್ ನೋಡುತ್ತಿದ್ದರು.

ನನ್ನ ದುರದೃಷ್ಟಕ್ಕೆ ಕಾಲೇಜಿನಲ್ಲೂ ಟ್ಯೂಷನ್ನಿನಲ್ಲೂ ಆಗ ನಡೆಯುತ್ತಿದ್ದ ಪಾಠ ಪಾಯಿಂಟ್ ಆಫ್ ಇನ್‌ಫ್ಲೆಕ್ಷನ್. ವಕ್ರರೇಖೆ ತನ್ನ ಬಾಗು ಬದಲಾಯಿಸುವ ಬಿಂದು. ರೇಖೆ ಏರುತ್ತಿದೆ ಎನ್ನಿ. ಮೊದಮೊದಲು ಬಟ್ಟಲಿನ ಹಾಗೆ ಮೇಲ್ಮುಖವಾಗಿ ಬಾಗಿರುತ್ತದೆ, ಅಂದರೆ ಏರುವ ವೇಗವೂ ಹೆಚ್ಚುತ್ತಿರುತ್ತದೆ. ಎಲ್ಲೋ ಒಂದು ಕಡೆ ಅದು ಬೋರಲು ಹಾಕಿದ ಬಟ್ಟಲಿನ ಹಾಗೆ ಬಾಗತೊಡಗುತ್ತದೆ. ಆಮೇಲೂ ರೇಖೆ ಏರುತ್ತಲೇ ಇರುತ್ತದೆ, ಏರುವ ಹುಮ್ಮಸ್ಸು ಮಾತ್ರ ಇಳಿಯತೊಡಗಿರುತ್ತದೆ. ಕಂಡುಹಿಡಿಯುವ ಕ್ರಮವೂ ಸರಳ. ಮೊದಲ ಡಿರೈವೇಟಿವ್ ಏರಿಕೆಯ ವೇಗ ಹೇಳುತ್ತದೆ, ಎರಡನೆಯದು ಆ ವೇಗ ಹೆಚ್ಚುತ್ತಿದೆಯೋ ತಗ್ಗುತ್ತಿದೆಯೋ ಹೇಳುತ್ತದೆ. ಎರಡನೆಯದನ್ನು ಸೊನ್ನೆಗೆ ಸಮ ಮಾಡಿ, ಬಂದ ಜಾಗದ ಆಚೆ ಈಚೆ ಚಿಹ್ನೆ ಬದಲಾಗುತ್ತದೆಯೇ ಎಂದು ನೋಡಬೇಕು.

ಇದು ನನ್ನ ಮೆಚ್ಚಿನ ಪಾಠ. ಶಿಖರವೂ ಕಣಿವೆಯೂ ಎಲ್ಲರ ಕಣ್ಣಿಗೂ ಬೀಳುತ್ತವೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತಿರುವಾಗ, ಯಾರಿಗೂ ಗೊತ್ತಾಗದ ಹಾಗೆ, ಕೆಡುವುದು ಎಲ್ಲಿ ಶುರುವಾಯಿತು ಎಂದು ತೋರಿಸುವ ಬಿಂದು ಇದೊಂದೇ. ಚಿಂತೆ ಮಾಡುವವರಿಗೆಂದೇ ಯಾರೋ ಪುಣ್ಯಾತ್ಮರು ಕಂಡುಹಿಡಿದದ್ದು.

ಹೀಗಿರುವಾಗ ಅಮ್ಮನ ಗ್ರಾಫನ್ನು ಸುಮ್ಮನೆ ಬಿಡಲು ನನ್ನಿಂದ ಆಗಲಿಲ್ಲ. ಮೊದಲ ವಾರ ಏರಿದ್ದು ನಾಲ್ಕು, ಎರಡನೇ ವಾರ ಎಂಟು, ಮೂರನೇ ವಾರವೂ ಎಂಟೇ. ಮೂರನೇ ವಾರ ಹನ್ನೆರಡು ಏರಬೇಕಿತ್ತಲ್ಲ? ಒಂದು ಬೆಳಿಗ್ಗೆ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಸೀಟು ಸಿಕ್ಕಿದ್ದೇ ತಡ, ಕೈಚೀಲದಿಂದ ಪೆನ್ಸಿಲ್ ತೆಗೆದೆ. ಅರವತ್ತು, ಅರವತ್ತನಾಲ್ಕು, ಎಪ್ಪತ್ತೆರಡು, ಎಂಬತ್ತು: ನಾಲ್ಕೂ ಚುಕ್ಕೆಗಳ ಮೂಲಕ ಹಾಯುವ ಮೂರನೇ ಘಾತದ ಸಮೀಕರಣ ಬರೆದೆ. ಎರಡನೇ ಡಿರೈವೇಟಿವ್ ತೆಗೆದೆ. ಎಂಟು ಮೈನಸ್ ನಾಲ್ಕು ಟಿ. ಟಿ ಅಂದರೆ ವಾರ. ಸರಿಯಾಗಿ ಎರಡನೇ ವಾರಕ್ಕೆ ಸೊನ್ನೆ. ಅದಕ್ಕೆ ಮುಂಚೆ ಪ್ಲಸ್, ಆಮೇಲೆ ಮೈನಸ್. ಬಾಗು ಬದಲಾಗಿ ಆಗಲೇ ವಾರ ಕಳೆದಿತ್ತು, ನಾನು ಮಂಡಿ ಏರುತ್ತಿದೆ ಎಂದು ಹಿಗ್ಗುತ್ತಿದ್ದೆ!

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ರೇಖೆಯನ್ನು ಮುಂದಕ್ಕೆ ಎಳೆದೆ. ನಾಲ್ಕನೇ ವಾರ ದಾಟಿದ ಕೂಡಲೇ ಎಂಬತ್ತನಾಲ್ಕರ ಹತ್ತಿರ ಅದು ತಲೆ ತಗ್ಗಿಸಿತು. ತೊಂಬತ್ತನ್ನು ಮುಟ್ಟಲೇ ಇಲ್ಲ. ಆರನೇ ವಾರಕ್ಕೆ, ಅಂದರೆ ಡಾಕ್ಟರು ನೋಡುವ ಹೊತ್ತಿಗೆ, ಇಳಿದು ಇಳಿದು ಮತ್ತೆ ಅರವತ್ತನಾಲ್ಕಕ್ಕೆ ಬಂದು ಕೂತಿತ್ತು. ಪಕ್ಕದಲ್ಲಿದ್ದ ಹುಡುಗಿ ಇಯರ್‌ಫೋನ್ ತೆಗೆದು, ‘ಆಂಟಿ, ಆರ್ ಯು ಓಕೆ?’ ಎಂದಳು. ಇಳಿಯಬೇಕಾದ ಸ್ಟೇಷನ್ ದಾಟಿಹೋಗಿತ್ತು.

ಯಾವ ನಾಲ್ಕು ಚುಕ್ಕೆ ಕೊಟ್ಟರೂ ಅವುಗಳ ಮೂಲಕ ಹಾಯುವ ಇಂಥದೊಂದು ರೇಖೆ ಹೆಚ್ಚುಕಮ್ಮಿ ಸಿಕ್ಕೇ ಸಿಗುತ್ತದೆ, ಚುಕ್ಕೆಗಳಾಚೆ ಅದು ಹೇಳುವುದನ್ನು ನಂಬಬಾರದು ಎಂದು ಬಲ್ಲೆ. ಬೇರೆಯವರ ಮಂಡಿಯ ವಿಷಯದಲ್ಲಿ ಆಗಿದ್ದರೆ ಖಂಡಿತ ಹಾಗೇ ಹೇಳುತ್ತಿದ್ದೆ. ಸಂಜೆ ಗಂಡನಿಗೆ ತೋರಿಸಿದೆ. ಅವನು ಕನ್ನಡಕ ಹಣೆಗೇರಿಸಿ ನೋಡಿದ. ‘ಆರನೇ ವಾರಕ್ಕೆ ಮಂಡಿ ವಾಪಸ್ ಹೋಗತ್ತಾ? ಅತ್ತೆ ಮಂಡಿ ಏನು ಬಿಎಂಟಿಸಿ ಬಸ್ಸಾ, ಡಿಪೋಗೆ ಹೋಗಕ್ಕೆ?’

ತಮಾಷೆ ಮಾಡುವವರನ್ನೂ ನಾನು ನಂಬುವುದಿಲ್ಲ. ಮರುದಿನ ಕಾಲೇಜು ಮುಗಿಸಿ, ಮನೆಯಲ್ಲಿ ಹೇಳದೆ, ಗ್ರಾಫನ್ನು ಸುರುಳಿ ಸುತ್ತಿಕೊಂಡು ಮಾಗಡಿ ರಸ್ತೆಯ ಆಸ್ಪತ್ರೆಗೆ ಹೋದೆ. ಡಾಕ್ಟರು ಹಾಳೆಯನ್ನು ಎಕ್ಸ್‌ರೇ ಹಿಡಿಯುವ ಹಾಗೆ ಬೆಳಕಿಗೆ ಹಿಡಿದು ನೋಡಿದರು.

‘ತುಂಬಾ ನೀಟಾಗಿದೆ ಮೇಡಂ. ಯಾರು ಬರೆದಿದ್ದು?’

‘ನಾನೇ. ಎರಡನೇ ವಾರದಿಂದ ವೇಗ ಇಳೀತಿದೆ ಡಾಕ್ಟ್ರೇ. ಆರು ವಾರ ಕಾದ್ರೆ ತಡ ಆಗ್ಬಿಡಲ್ವಾ?’

ಹೊರಗೆ ನಲವತ್ತು ಜನ ಕಾಯುತ್ತಿರುವ ಡಾಕ್ಟರ ಮುಂದೆ ಇಷ್ಟು ಗಟ್ಟಿಯಾಗಿ ಯಾರಾದರೂ ಹೇಳಿದರೆ ಅವರಾದರೂ ಏನು ಮಾಡಿಯಾರು? ‘ಆಯ್ತು, ಈ ಗುರುವಾರ ಕರ್ಕೊಂಡ್ ಬನ್ನಿ. ಖಾಲಿ ಹೊಟ್ಟೇಲಿರ್ಲಿ. ಮಂಡಿ ನಿಜವಾಗ್ಲೂ ಬಿಗ್ಕೊಂಡಿದ್ರೆ ಆವತ್ತೇ ಬಗ್ಗಿಸೋದಾ ಅಂತ ನೋಡೋಣ.’

ಗೆದ್ದವಳ ಹಾಗೆ ಹೊರಗೆ ಬಂದೆ. ಸಿಗ್ನಲ್ ದಾಟುವ ಹೊತ್ತಿಗೆ, ಗೆದ್ದದ್ದು ಏನನ್ನು ಎಂದು ಹೊಳೆಯಿತು. ಅಮ್ಮ ಬೇಡ ಎಂದು ಬೇಡಿಕೊಂಡಿದ್ದ ಮಂಪರಿಗೆ ನಾನೇ ದಿನ ಗೊತ್ತು ಮಾಡಿಸಿಕೊಂಡು ಬಂದಿದ್ದೆ.

ಮನೆಯಲ್ಲಿ ಅಮ್ಮ ಮಂಚದ ಮೇಲೆ ಕೂತು ಅವರೆಕಾಳು ಹಿದುಕುತ್ತಿದ್ದಳು. ಹೇಳಿದೆ. ಅವಳ ಬೆರಳು ನಿಂತಿತು.

‘ಯಾರು ಹೇಳಿದ್ದು ಬಿಗ್ಕೊಂಡಿದೆ ಅಂತ?’

‘ಗ್ರಾಫು. ನೋಡಮ್ಮ, ಇಲ್ಲಿ ತನಕ ಹೀಗಿತ್ತು, ಇಲ್ಲಿಂದ...’

‘ನಿನ್ನ ಗ್ರಾಫಿಗೆ ಬೆಂಕಿ ಹಾಕ’ ಎಂದಳು ಅಮ್ಮ, ಬಹಳ ಮೆತ್ತಗೆ. ಮತ್ತೆ ಕಾಳು ಹಿದುಕತೊಡಗಿದಳು. ಆದರೆ ಕಾಳನ್ನು ಸಿಪ್ಪೆಯ ತಟ್ಟೆಗೂ ಸಿಪ್ಪೆಯನ್ನು ಕಾಳಿನ ಪಾತ್ರೆಗೂ ಹಾಕುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವಳ ಹಾಗೆ ಟ್ಯೂಷನ್ನಿಗೆ ಚಾಪೆ ಹಾಸಲು ಹೋದೆ. ಅವತ್ತು ಮಂಡಿ ಅಳೆಯುವ ಧೈರ್ಯ ಬರಲಿಲ್ಲ.

ನಡುಮನೆಯಲ್ಲಿ ಆರು ಮಕ್ಕಳು. ಲೆಕ್ಕ ಕೊಟ್ಟಿದ್ದೆ: ಎಕ್ಸ್‌ನ ನಾಲ್ಕನೇ ಘಾತ, ಇದರ ಬಾಗು ಎಲ್ಲಿ ಬದಲಾಗುತ್ತದೆ? ಬಾಗಿಲ ಬಳಿ ಕೂತಿದ್ದವನು ಮೊದಲು ಕೈ ಎತ್ತಿದ. ಉತ್ತರದ ಸುತ್ತ ಪೆಟ್ಟಿಗೆ ಗೆರೆ ಹಾಕಿದರೇ ಮಾರ್ಕು ಬರುವುದು ಎಂಬುದು ಈ ಮಕ್ಕಳ ಅಚಲ ನಂಬಿಕೆ.

‘ಮ್ಯಾಮ್, ಎಕ್ಸ್ ಈಕ್ವಲ್ ಟು ಸೊನ್ನೆ ಬಂತು. ಬಾಕ್ಸ್ ಹಾಕ್ಬಿಡ್ಲಾ?’

‘ಎರಡೂ ಕಡೆ ನೋಡಿದ್ಯೇನೋ?’

‘ಸೊನ್ನೆ ಬಂದ್ಮೇಲೆ ಇನ್ನೇನ್ ಮ್ಯಾಮ್ ನೋಡೋದು!’

‘ಮಗಾ, ಮ್ಯಾಮ್‌ಗೆ ನೀನ್ ಹೇಳ್ಕೊಡ್ತೀಯಾ?’ ಎಂದ ಪಕ್ಕದವನು.

ಬೋರ್ಡಿಗೆ ತಿರುಗಿದೆ. ಎರಡನೇ ಡಿರೈವೇಟಿವ್ ಹನ್ನೆರಡು ಎಕ್ಸ್ ಸ್ಕ್ವೇರ್. ಸೊನ್ನೆಯಲ್ಲಿ ಸೊನ್ನೆಯೇ. ಆದರೆ ಎಡಕ್ಕೂ ಪ್ಲಸ್, ಬಲಕ್ಕೂ ಪ್ಲಸ್. ರೇಖೆ ಅಲ್ಲಿ ಬಾಗು ಬದಲಾಯಿಸಿಲ್ಲ, ತಳದಲ್ಲಿ ಸ್ವಲ್ಪ ಚಪ್ಪಟೆಯಾಗಿದೆ, ಅಷ್ಟೇ. ‘ಚಪ್ಪಟೆ ಆಗಿದ್ದೆಲ್ಲ ತಿರುವಲ್ಲ ಕಣ್ರೋ’ ಎನ್ನುತ್ತಿರುವಾಗಲೇ ಹಿಂದಿನಿಂದ ವಾಕರಿನ ಟಕ್, ಟಕ್ ಕೇಳಿಸಿತು.

ಅಮ್ಮ ನೈಟಿಯ ಮೇಲೆ ಟವೆಲ್ ಹೊದ್ದುಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಮಕ್ಕಳು ಸರಿದು ದಾರಿ ಬಿಟ್ಟರು. ಒಬ್ಬಳು ಓಡಿ ಪ್ಲಾಸ್ಟಿಕ್ ಕುರ್ಚಿ ತಂದಳು. ಅಮ್ಮ ಕೂತಳು.

‘ಆ ಅರ್ಧಚಂದ್ರ ತಗೊಂಬಾ.’

‘ಅಮ್ಮಾ, ಕ್ಲಾಸ್ ನಡೀತಿದೆ.’

‘ನಡೀಲಿ ಬಿಡು, ಇದೂ ಲೆಕ್ಕಾನೇ. ತಗೊಂಬಾ ಅಂದ್ನಲ್ಲ.’

ತಂದೆ. ಅಮ್ಮ ಕುರ್ಚಿಯ ಎರಡೂ ಕೈ ಹಿಡಿದುಕೊಂಡು, ತುಟಿ ಕಚ್ಚಿ, ಬಲಪಾದವನ್ನು ನೆಲದ ಮೇಲೇ ಜಾರಿಸುತ್ತಾ ಹಿಂದಕ್ಕೆ ಎಳೆದುಕೊಂಡಳು. ಎಂಬತ್ತು ಎಂದು ನಾನು ಗುರುತಿಸಿದ್ದ ಜಾಗ ದಾಟಿತು. ತೊಂಬತ್ತು ದಾಟಿತು. ಪಾದ ಕುರ್ಚಿಯ ಕೆಳಗೆ ಹೋಗಿ ನಿಂತಿತು. ನಾನು ಬಗ್ಗಿ ಅಳೆದೆ. ಇನ್ನೊಮ್ಮೆ ಅಳೆದೆ.

‘ಎಷ್ಟಂತೆ? ಮಕ್ಳಿಗೂ ಕೇಳೋ ಹಾಗೆ ಹೇಳು.’

‘ನೂರಾ ಎರಡು.’

‘ಅಜ್ಜಿ ಸೆಂಚುರಿ ಹೊಡೆದ್ರು ಗುರು!’ ಎಂದು ಬಾಕ್ಸ್ ಹಾಕುವವನು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು. ಅಮ್ಮ ನಗಲಿಲ್ಲ. ನನ್ನನ್ನೇ ನೋಡುತ್ತಾ, ‘ಈಗ ಫೋನ್ ಮಾಡಿ ಹೇಳು ನಿನ್ನ ಡಾಕ್ಟ್ರಿಗೆ, ಮಂಪರು ಅವ್ರೇ ತಗೊಳ್ಳಿ ಅಂತ’ ಎಂದಳು.

ಮಕ್ಕಳನ್ನು ಬೇಗ ಕಳಿಸಿದೆ. ಅಮ್ಮ ಆ ಕುರ್ಚಿಯಲ್ಲೇ ಕೂತಿದ್ದಳು, ನಾನು ಚಾಪೆಯ ಮೇಲೆ.

‘ಯಾವಾಗಿಂದ ಬಗ್ತಿದೆ?’

‘ಆ ಹುಡುಗಿ ಬೆಳಿಗ್ಗೆ ಬಗ್ಗಿಸ್ದಾಗ್ಲೆಲ್ಲ ಬಗ್ತಿತ್ತು. ಸಂಜೆ ನಿಂಗೆ ಎಷ್ಟು ಬೇಕೋ ಅಷ್ಟು ತೋರಿಸ್ತಿದ್ದೆ. ಮಗಳು ಸಂಜೆ ತಾನೇ ಅಳೀತಾಳೆ, ನೀನೇನೂ ಹೇಳ್ಬೇಡಮ್ಮ ಅಂತ ಆ ಹುಡುಗಿಗೂ ಹೇಳಿದ್ದೆ.’

‘ಯಾಕಮ್ಮಾ?’

‘ಯಾಕಾ? ಆವತ್ತು ಐವತ್ತೇಳು ಬಂದಾಗ ಏನ್ ರಂಪ ಮಾಡ್ದೆ ನೀನು! ಅನ್ನ ಬಿಟ್ಟೆ. ಐಸ್ ಇಟ್ಟೆ, ತೆಗ್ದೆ, ಇಟ್ಟೆ, ತೆಗ್ದೆ. ಒಂದಿನ ಪೂರ್ತಿ ಕೊಟ್ಬಿಟ್ಟು ಮಾರನೇ ದಿನ ಊತ ಬಂದು ಕಮ್ಮಿ ಆದ್ರೆ ನಿನ್ನನ್ನ ಯಾರೇ ಹಿಡಿಯೋರು? ಅದಕ್ಕೇ ಹೆಪ್ಪಿಗೆ ಮೊಸರು ಎತ್ತಿಡೋ ಹಾಗೆ ದಿನಾ ಸ್ವಲ್ಪ ಎತ್ತಿಡ್ತಿದ್ದೆ. ದಿನಾ ಒಂಚೂರು ಏರಿದ್ರೆ ನೀನು ತೆಪ್ಪಗಿರ್ತೀಯ ಅಂತ.’

‘ಹಾಗಾದ್ರೆ ಎರಡನೇ ವಾರ ಅಷ್ಟೊಂದು ಏರಿದ್ದು?’ ಇಷ್ಟಾದರೂ ನನಗೆ ಗ್ರಾಫಿನದೇ ಚಿಂತೆ.

‘ಆಗ ನಿನ್ನ ಮುಖ ನೋಡೋ ಹಾಗಿತ್ತು. ಖುಷಿ ಪಡ್ಲಿ ಅಂತ ಜಾಸ್ತಿ ಬಿಟ್ಟೆ. ಆಮೇಲೆ ನೋಡಿದ್ರೆ, ಹೀಗೇ ಹೆಚ್ಚಿಸ್ತಾ ಹೋದ್ರೆ ತೊಂಬತ್ತು ಬೇಗ ಬಂದ್ಬಿಡತ್ತೆ. ಆರು ವಾರ ತನಕ ಎಳೀಬೇಕಲ್ಲ, ಕೈ ಬಿಗಿ ಮಾಡ್ದೆ.’

ಅಲ್ಲಿಗೆ ನನ್ನ ಪಾಯಿಂಟ್ ಆಫ್ ಇನ್‌ಫ್ಲೆಕ್ಷನ್ ಸಿಕ್ಕಿತು. ಎರಡನೇ ವಾರ ಮುಗಿಯುವ ಹೊತ್ತಿಗೆ ಅಮ್ಮ ಕೈ ಬಿಗಿ ಮಾಡಿದ ಕ್ಷಣ. ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ. ಮೂರು ವಾರ ಚುಕ್ಕೆ ಇಟ್ಟು, ಸಮೀಕರಣ ಬರೆದು, ನಾನು ಕಂಡುಹಿಡಿದದ್ದು ನನ್ನನ್ನು ಸಮಾಧಾನವಾಗಿಡಲು ಅಮ್ಮ ಪಟ್ಟ ಪಾಡಿನ ವಕ್ರರೇಖೆಯನ್ನು. ಮಂಡಿಯದೇ ಎಂದು ಹೇಳಬಹುದಾದದ್ದು ಮೊದಲ ಮೂರು ಚುಕ್ಕೆಗಳಷ್ಟೇ, ಅವುಗಳಲ್ಲಿ ಕೊನೆಯದು ಆ ಐವತ್ತೇಳು. ಅದನ್ನು ನಾನೇ ಅಳಿಸಿದ್ದೆ.

ನಗು ಬಂತು, ಸಿಟ್ಟು ಬಂತು, ಆಮೇಲೆ ಸ್ವಲ್ಪ ಹೊತ್ತು ಬಹಳ ಹಗುರವಾಯಿತು. ನಮ್ಮಂಥವರಿಗೆ ಹಗುರ ಬಹಳ ಹೊತ್ತು ತಡೆಯುವುದಿಲ್ಲ. ಪಾತ್ರೆ ತೊಳೆಯುತ್ತಿರುವಾಗ ಬೇರೆ ಸಂಗತಿಗಳು ಒಂದೊಂದಾಗಿ ಬಂದು ಪಕ್ಕದಲ್ಲಿ ನಿಂತವು. ಬಿಪಿ ಮಾತ್ರೆ ತಗೊಂಡ್ಯಾ ಎಂದರೆ ‘ಹೂಂ’. ತಲೆ ಸುತ್ತುತ್ತಾ ಎಂದರೆ ‘ಇಲ್ಲ’. ನಿದ್ದೆ ಬಂತಾ ಎಂದರೆ ‘ಚೆನ್ನಾಗಿ’. ಇವುಗಳಲ್ಲಿ ಯಾವುದು ಅಳತೆ, ಯಾವುದು ನನಗೆಂದು ಬಡಿಸಿದ್ದು? ಹೋಗಿ ಕೇಳೋಣವೆನಿಸಿತು. ಕೇಳಿದರೆ ಇನ್ನೊಂದು ‘ಚೆನ್ನಾಗಿದೀನಿ’ ಸಿಗುತ್ತದೆ, ಅಷ್ಟೇ. ಕೈ ಒರೆಸಿಕೊಂಡು ಕೋಣೆಯ ತನಕ ಹೋದೆ, ವಾಪಸ್ ಬಂದೆ. ಅಮ್ಮ ಒಳಗಿಂದಲೇ, ‘ಏನೇ, ಮತ್ತೇನು ಹೊಸ ಗ್ರಾಫು?’ ಎಂದಳು.

ಗುರುವಾರ ಆಸ್ಪತ್ರೆಗೆ ಹೋದೆವು. ಫೋನಿನಲ್ಲಿ ಹೇಳಿದಾಗ ಡಾಕ್ಟರು, ಆದರೂ ಬನ್ನಿ, ಒಮ್ಮೆ ನೋಡಿಬಿಡುತ್ತೇನೆ ಎಂದಿದ್ದರು. ಹೊರಡುವ ಮುಂಚೆ ಅಮ್ಮ ನನ್ನ ಕಣ್ಣೆದುರೇ ಮೂರು ಇಡ್ಲಿ ತಿಂದು, ಮೇಲೊಂದು ಲೋಟ ಕಾಫಿ ಕುಡಿದಳು. ‘ಹೊಟ್ಟೆ ತುಂಬಿರೋರಿಗೆ ಮಂಪರು ಕೊಡಲ್ವಂತೆ. ನಿನ್ನನ್ನೂ ನಿನ್ನ ಡಾಕ್ಟ್ರನ್ನೂ ನಂಬೋಕಾಗಲ್ಲ’ ಎಂದು ಬಾಯಿ ಒರೆಸಿಕೊಂಡಳು.

ಡಾಕ್ಟರು ಕಾಲು ಮಡಚಿಸಿ ನೋಡಿದರು. ‘ನೂರು ದಾಟಿದೆಯಲ್ಲಮ್ಮಾ! ಮತ್ತೆ ಆ ಗ್ರಾಫು?’ ಎಂದು ನನ್ನ ಕಡೆ ತಿರುಗಿದರು. ನಾನು ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡಿದೆ. ‘ಪ್ರೊಸೀಜರೂ ಬೇಡ, ಏನೂ ಬೇಡ’ ಎಂದರು ಅವರು. ಅಮ್ಮ ಮಡಿಲಲ್ಲಿ ಮುಷ್ಟಿ ಕಟ್ಟಿಕೊಂಡಿದ್ದ ಕೈಗಳನ್ನು ಬಿಡಿಸಿದಳು.

‘ನೋವು ಹೇಗಿದೆ? ಹತ್ತಕ್ಕೆ ಎಷ್ಟು ಅಂತ ಹೇಳಿ. ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗಲ್ಲ. ನೀವು ಹೇಳೋದರ ಮೇಲೆ ಮಾತ್ರೆ ಬದಲಾಯಿಸ್ತೀನಿ.’

ಅಮ್ಮ ಬಾಯಿ ತೆರೆಯುವ ಮುಂಚೆ ನನ್ನ ಮುಖ ನೋಡಿದಳು. ಒಂದು ಕ್ಷಣ, ಅಷ್ಟೇ. ತಕ್ಕಡಿಯ ಮುಳ್ಳು ನೋಡುವವರ ನೋಟ.

‘ಡಾಕ್ಟ್ರೇ, ಒಂದು ಫೋನ್ ಮಾಡ್ಬೇಕು, ಈಗ್ಬಂದೆ’ ಎಂದು ಎದ್ದೆ.

‘ಯಾರಿಗೇ ಫೋನು?’ ಎಂದಳು ಅಮ್ಮ.

‘ಇರಮ್ಮ, ಬಂದೆ.’

ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಅಲ್ಲೇ ನಿಂತರೆ ಮಾತು ಕೇಳಿಸುತ್ತಿತ್ತು, ನೀರಿನ ಕ್ಯಾನಿನ ತನಕ ಹೋದೆ. ಅಲ್ಲಿಂದ ಲಿಫ್ಟಿನ ತನಕ ಹೋಗಿ ತಿರುಗಿ ಬಂದೆ. ನಾಲ್ಕಿರಬಹುದೇ? ಆರೇ? ಆರಾಗಿದ್ದರೆ ಇಷ್ಟು ದಿನ ಮುಖ ಸಿಂಡರಿಸದೆ ಹೇಗೆ ಕೂತಿದ್ದಳು? ಬಾಗಿಲಿನ ಚಿಕ್ಕ ಗಾಜಿನಾಚೆ ಡಾಕ್ಟರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅಮ್ಮ ಏನೋ ಹೇಳುತ್ತಾ ಕೈ ಮೇಲೆತ್ತಿ ಬೆರಳುಗಳನ್ನು ಬಿಡಿಸಿದಳು. ಅವು ಎಷ್ಟೆಂದು ಎಣಿಸುವ ಮುಂಚೆ ನಾನು ಮುಖ ತಿರುಗಿಸಿಕೊಂಡೆ.